ಗೇಟು ಎತ್ತುವ ಕಾಕಾ

ನಮ್ಮ ಕಾಕಾನ ಎದುರು ಕೂತು ನೆಮ್ಮದಿಯಿಂದ ಒಂದು ಕಪ್ ಚಹಾ ಕುಡಿದವರು ಬಸವಕಲ್ಯಾಣ ತಾಲೂಕಿನಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಊರ ಹತ್ತಿರದ ಸಣ್ಣ ಡ್ಯಾಮಿನಲ್ಲಿ ಗೇಟು ಎತ್ತಿ ಇಳಿಸುವ ನೌಕರಿ. ದಿನವಿಡೀ ನೀರಿನ ಮಟ್ಟ ನೋಡಿ ನೋಡಿ ಕಣ್ಣಿಗೆ ಅದೇ ಅಂಟಿಕೊಂಡಿದೆ. ನಿಮ್ಮ ಕಪ್ಪು ಅರ್ಧ ಖಾಲಿಯಾಯಿತೋ, "ಮಟ್ಟ ಇಳಿಯಾಕತ್ತದ, ಒಳಹರಿವು ಬಿಡ್ರಿ" ಎಂದು ಅಡುಗೆಮನೆಗೆ ಹುಕುಂ ಹೋಗುತ್ತದೆ. ಬೇಡ ಎನ್ನಲು ನೀವು ಯಾರು?

ನನ್ನ ಮದುವೆಯ ಮಾತುಕತೆಗೆ ಹುಮನಾಬಾದಿಗೆ ಹೋದಾಗ ಎಲ್ಲರೂ ಹುಡುಗನ ಮುಖ ನೋಡಿದರೆ, ಕಾಕಾ ಮಾಳಿಗೆ ಹತ್ತಿ ನೀರಿನ ಟಾಕಿ ನೋಡಿದರು. ಅಲ್ಲಿಂದಲೇ ಕೂಗಿದರು: "ಟಾಕಿ ತುಂಬಿ ಚೆಲ್ಲಾಕತ್ತದ, ಕೇಳೋರಿಲ್ಲ. ಇಂಥ ಮನಿಗಿ ಹೆಣ್ಣು ಹ್ಯಾಂಗ ಕೊಡೋದ್ರಿ?"

ಅಪ್ಪ ತಲೆ ತಗ್ಗಿಸಿದರು. ಹುಡುಗ ಮಾತ್ರ ಎದ್ದು ಹೋಗಿ ಮೋಟರ್ ಬಂದ್ ಮಾಡಿ ಬಂದ. ಕಾಕಾ ಕೆಳಗಿಳಿದು, "ಹುಡುಗ ಚಲೋ ಅದಾನ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ ಎಂದುಕೊಳ್ಳಬೇಡಿ. ಮೋಟರ್ ಬಂದ್ ಮಾಡಲು ಎದ್ದು ಹೋಗುವ ಗಂಡು ನನಗೂ ಹಿಡಿಸಿದ್ದ.

ಹೋದ ಮಳೆಗಾಲ ತವರಿಗೆ ಬಂದವಳು ಕಾಕಾನಿಗೆ ಬುತ್ತಿ ಒಯ್ದಿದ್ದೆ. ಡ್ಯಾಮು ತುಂಬಿತ್ತು. ಗೇಟು ಎತ್ತಲು ಸಾಹೇಬರ ಫೋನು ಬಂತು. ನೀರು ಬಿಡುವ ಮುನ್ನ ಎಚ್ಚರಿಸುವ ಭೋಂಗಾ ಕೂಗಿತು. ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ದಂಡೆ ಹತ್ತಿದರು. ಕಾಕಾ ಒಮ್ಮೆ ಬಗ್ಗಿ ನೋಡಿದವರೇ, "ಆ ಆಯಿಗೆ ಕಿವಿ ಕೇಳಂಗಿಲ್ಲ" ಎಂದು ಫೋನು ನನ್ನ ಕೈಗಿಟ್ಟು ಇಳಿಜಾರಿನಲ್ಲಿ ಓಡಿದರು.

ಹೊಳೆಯ ನಡುವಿನ ದಿಬ್ಬದಲ್ಲಿ ಮುದುಕಿಯೊಬ್ಬಳು ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಕಾಕಾ ಕೈ ಬೀಸಿದ್ದನ್ನು ಕಂಡು, ಹುಲ್ಲು ಕಸಿಯಲು ಬಂದನೆಂದು ಕುಡುಗೋಲು ಎತ್ತಿದಳು. ಫೋನು ಮತ್ತೆ ಬಡಿದುಕೊಂಡಿತು.

"ಇನ್ನೂ ಯಾಕ ಗೇಟು ಎತ್ತಿಲ್ಲ?"

"ಕೆಳಗ ಒಬ್ಬಾಕಿ ಅದಾಳ್ರಿ ಸಾಹೇಬ್ರ."

ಸಾಹೇಬರ ದನಿ ಮೆತ್ತಗಾಯಿತು: "ಹತ್ತಿ ಬರಾಕತ್ತಾಳೇನು?"

ಬರುತ್ತಿದ್ದಳು. ಕಾಕಾ ಹುಲ್ಲಿನ ಹೊರೆಯನ್ನೇ ತಲೆಯ ಮೇಲಿಟ್ಟುಕೊಂಡು ಓಡಿದ್ದರು. ಹಿಂದೆ ಆಕೆ ಬೈಯುತ್ತ ಬೆನ್ನಟ್ಟಿದ್ದಳು.

ಹೊರೆ ಇಳಿಸಿ ಕಾಕಾ ಗೇಟು ಎತ್ತಿದರು. ಕೆಂಪು ನೀರು ಹೊರಳುತ್ತ ಹೋಗಿ, ನೋಡನೋಡುತ್ತಿದ್ದಂತೆ ಆ ದಿಬ್ಬವನ್ನು ನುಂಗಿತು. ಮುದುಕಿಯ ಬೈಗುಳ ನಿಂತಿತು. ಬಹಳ ಹೊತ್ತು ನೀರನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ಕಾಕಾನ ತಲೆಗೂದಲಿಗೆ ಅಂಟಿದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

ಐವತ್ತು ದಾಟಿದ ನಮ್ಮ ಕಾಕಾ ತಲೆ ಬಗ್ಗಿಸಿ, ಎಲ್ಲ ಎಳೆ ತೆಗೆದು ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದರು.