ಎರಡು ಸೈಲೆನ್ಸರಿನ ಸಂಸಾರ

ಯಂತ್ರದ ಇತಿಹಾಸ ಬಲ್ಲವನ ಮಾತನ್ನು ಯಂತ್ರವೂ ಕೇಳುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಕುಷ್ಟಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನಿಗೆ ಇಂಥ ಭ್ರಮೆ ಸಹಜ. ೧೯೯೭ರಲ್ಲಿ ನಾನು ಕೊಂಡದ್ದು ಮೈಸೂರಿನಲ್ಲಿ ತಯಾರಾದ ಹಳೆಯ ಮೋಟಾರ್ ಸೈಕಲ್ಲು. ಅಷ್ಟರಲ್ಲಿ ಅದರ ಕಾರ್ಖಾನೆಯೇ ಬಾಗಿಲು ಹಾಕಿತ್ತು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್. ಚೆಕ್ ದೇಶದವರ ನಕ್ಷೆ, ಮೈಸೂರಿನವರ ಕೈಕೆಲಸ ಎಂದು ನಾನು ಶುರು ಮಾಡಿದರೆ ಸಾಕು, ನಮ್ಮ ಡ್ರಿಲ್ ಮಾಸ್ತರರು ಅರ್ಧ ಚಹಾ ಬಿಟ್ಟು ಎದ್ದುಹೋಗುತ್ತಿದ್ದರು.

ತೊಂದರೆ ಒಂದೇ. ಗಾಡಿ ನನ್ನ ಕಾಲಿಗೆ ಒಲಿಯುತ್ತಿರಲಿಲ್ಲ. ಕೊನೆಗೆ ಟೆಂಪೊದಲ್ಲಿ ಹಾಕಿಕೊಂಡು ಗಂಗಾವತಿಯ ಮೆಕ್ಯಾನಿಕ್ ಮಹಬೂಬಸಾಬರ ಹತ್ತಿರ ಒಯ್ದೆ. ಹೆಂಡತಿ ಗಿರಿಜಾ ಜೊತೆಗೆ ಬಂದಿದ್ದಳು. ನಾನು ಎದುರಿನ ಚಹಾದಂಗಡಿಯಲ್ಲಿ ನಾಲ್ಕು ಜನರಿಗೆ ಗಾಡಿಯ ಚರಿತ್ರೆ ಹೇಳುತ್ತಿದ್ದಾಗ ಅವಳು ಸ್ಟೂಲಿನ ಮೇಲೆ ಸುಮ್ಮನೆ ಕೂತು ರಿಪೇರಿ ನೋಡುತ್ತಿದ್ದಳು. ಪಾಪ, ಬೇಸರವಾಗಿರಬೇಕು ಎಂದುಕೊಂಡೆ. ಮಹಬೂಬಸಾಬರು ಗಾಡಿ ಒಪ್ಪಿಸುವಾಗ, "ಎಂಜಿನ್ ಛಲೋ ಐತ್ರಿ ಮಾಸ್ತರ" ಎಂದಷ್ಟೇ ಹೇಳಿ, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

ಗಿರಿಜಾ ಸರಕಾರಿ ನರ್ಸು. ಒಂದು ಪೋಲಿಯೊ ಭಾನುವಾರ ತಾವರಗೇರಾ ಕಡೆಯ ಹಳ್ಳಿಯೊಂದಕ್ಕೆ ಲಸಿಕೆ ಒಯ್ಯಬೇಕಿತ್ತು. ಜೀಪು ಬರಲಿಲ್ಲ, ಬಸ್ಸು ಆಗಲೇ ಹೋಗಿತ್ತು. "ಡಬ್ಬಿಯಾಗಿನ ಬರ್ಫ ಕರಗಿದ್ರ ಔಷಧ ಕೆಟ್ಟು ಹೊಕ್ಕೈತ್ರಿ. ಅಲ್ಲಿ ಕೂಸುಗಳನ್ನ ಎತಗೊಂಡು ತಾಯಂದ್ರು ಕಾಯಾಕತ್ತಾರ" ಎಂದಳು. ನಾನು ವೀರಾವೇಶದಿಂದ ಒದೆಯತೊಡಗಿದೆ. ಇಪ್ಪತ್ತು ಒದೆತಕ್ಕೆ ಅಂಗಿ ಒದ್ದೆಯಾಯಿತು. ಓಣಿಯೆಲ್ಲ ಪೆಟ್ರೋಲಿನ ವಾಸನೆ.

"ರೀ, ಸ್ವಲ್ಪ ಸರೀರಿ. ಪ್ಲಗ್ಗಿಗೆ ಪೆಟ್ರೋಲ್ ಏರೈತಿ."

ಅವಳು ಪೆಟ್ರೋಲಿನ ನಲ್ಲಿ ಬಂದ್ ಮಾಡಿದಳು. ಕೀಲಿ ತೆಗೆದು, ಎಕ್ಸಿಲೇಟರ್ ಪೂರ್ತಿ ತಿರುವಿ, ನಾಲ್ಕು ಸಲ ನಿಧಾನವಾಗಿ ಕಿಕ್ ಒತ್ತಿದಳು. ಮತ್ತೆ ನಲ್ಲಿ ಬಿಟ್ಟು, ಕೀಲಿ ಹಾಕಿ ಒಂದೇ ಒಂದು ಒದೆತ. ಎರಡೂ ಸೈಲೆನ್ಸರು ಒಟ್ಟಿಗೆ ಬಾಯಿಬಿಟ್ಟವು.

"ಇದನ್ನ ಯಾರು ಕಲಿಸಿದ್ರು?"

"ಗಂಗಾವತಿ ಕಾಕಾ. ನೀವು ಆವಾಗ ಚೆಕ್ ದೇಶದಾಗ ಇದ್ರಿ."

"ಓಡ್ಸೋದು?"

"ನೀವು ಸಾಲಿಗೆ ಹೋದ ಮ್ಯಾಲ ಕಲ್ತೀನಿ. ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಹತ್ರಿ ಹಿಂದ."

ಹತ್ತಿದೆ. ತೊಡೆಯ ಮೇಲೆ ಲಸಿಕೆಯ ಡಬ್ಬಿ, ಎರಡೂ ಬದಿಗೆ ಸಜ್ಜೆಯ ಹೊಲ. ನಾನು ಅವಳ ಭುಜದ ಮೇಲಿಂದ "ಗೇರ್ ಬದಲಸು" ಎನ್ನುವುದರೊಳಗೆ ಅವಳು ಬದಲಿಸಿ ಮುಗಿಸಿರುತ್ತಿದ್ದಳು. ನಾಲ್ಕನೆಯ ಸಲಕ್ಕೆ ಬಾಯಿ ಮುಚ್ಚಿದೆ. ನಾಚಿಕೆಯಾಗಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ, ಆ ಗಾಡಿಯ ಮೇಲೆ ಮೊದಲ ಸಲ ಗಾಳಿ ತಂಪಾಗಿದೆ ಎನಿಸಿತು.

ಹಳ್ಳಿ ಮುಟ್ಟಿದಾಗ ಬರ್ಫ ಇನ್ನೂ ಗಟ್ಟಿಯಿತ್ತು. ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿ ಗಿರಿಜಾಳನ್ನು ಕೇಳಿದಳು, "ಅಕ್ಕಾರ, ಇವರ‍್ಯಾರ‍್ರಿ?"

"ನಮ್ಮ ಮನಿಯವರ‍್ರಿ. ಡಬ್ಬಿ ಹಿಡಕೊಳ್ಳಾಕ ಬಂದಾರ."

"ಭಾಳ ಜೋಪಾನ ಹಿಡದಾರ ಬಿಡ್ರಿ" ಎಂದಳು ಮುದುಕಿ.

ಅಲ್ಲಿಯವರೆಗೆ ಶಾಲೆಯ ತಪಾಸಣೆಗೆ ಬಂದ ಯಾವ ಸಾಹೇಬರೂ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಬರೆದಿರಲಿಲ್ಲ.