ಬಾಲವಿರುವ ಫೋನು ಮತ್ತು ನಮ್ಮ ಅತ್ತೆ

ನಮ್ಮ ಅತ್ತೆ ಫೋನಿನಲ್ಲಿ ಮಾತಾಡುವಾಗ ಫೋನು ಬರೀ ನೆಪಕ್ಕೆ! ರಿಸೀವರನ್ನು ಕೆಳಗಿಟ್ಟು ಮಾತಾಡಿದ್ದರೂ ಆಚೆಯವರಿಗೆ ಕೇಳಿಸುತ್ತಿತ್ತು ಎಂದು ನಾನು ಇವತ್ತಿಗೂ ಪಂಥ ಕಟ್ಟಬಲ್ಲೆ. ಅದರಲ್ಲೂ ಅವರದ್ದೊಂದು ಲೆಕ್ಕಾಚಾರವಿತ್ತು. ಕುಂದಾಪುರದ ನಮ್ಮ ಆಫೀಸಿನಿಂದ ಬ್ರಹ್ಮಾವರದ ಬ್ರಾಂಚಿಗಾದರೆ ಸಾಧಾರಣ ಗಂಟಲು. ಬೈಂದೂರಿಗೆ ದೂರ ಜಾಸ್ತಿ, ಹಾಗಾಗಿ ಗಂಟಲೂ ಜಾಸ್ತಿ. ಬೊಂಬಾಯಿಯ ಪಾರ್ಟಿಯಾದರೋ, ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಗು ದಿಕ್ಕಿಗೆ ಮುಖ ಮಾಡಿ ನಿಲ್ಲುವುದು! ಎದುರಿನ ಅಂಗಡಿಯವರು ಆಗ ತಮ್ಮ ರೇಡಿಯೋ ಸಣ್ಣ ಮಾಡಿಕೊಳ್ಳುತ್ತಿದ್ದರು. ಬೊಂಬಾಯಿಯ ಗೇರುಬೀಜದ ದರ ಪುಕ್ಕಟೆ ಸಿಗುವಾಗ ಯಾರು ಬಿಟ್ಟಾರು?

ಅತ್ತೆ ಅಂದರೆ ನನ್ನ ಅಪ್ಪಯ್ಯನ ತಂಗಿ. ಮದುವೆಯ ಗೋಜಿಗೆ ಹೋದವರಲ್ಲ. ಬಸ್ರೂರಿನ ನಮ್ಮ ಮನೆಯಲ್ಲೇ ಇದ್ದು, ದಿನಾ ಬಸ್ಸು ಹತ್ತಿ, ಗೇರುಬೀಜದ ವ್ಯಾಪಾರದ ಆ ಆಫೀಸಿಗೆ ಟೆಲಿಫೋನ್ ಆಪರೇಟರಾಗಿ ಹೋಗುತ್ತಿದ್ದರು. ಯಾರ ಕರೆ ಬಂದರೂ ಮೊದಲು "ಉಂಡ್ರ್ಯಾ?" ಎಂದು ಕೇಳಿ, ಮನೆಮಂದಿಯ ಆರೋಗ್ಯ ವಿಚಾರಿಸಿ, ಆಮೇಲೆ ಬೇಕಾದವರಿಗೆ ಲೈನು ಕೊಡುವುದು. ನನಗೆ ಅಲ್ಲಿ ಕೆಲಸ ಸಿಕ್ಕಿದ್ದೂ ಅವರ ಬಾಯಿಂದಲೇ. "ನಮ್ ಮಾಣಿಗೆ ಕಂಪ್ಯೂಟರ್ ಬತ್ತ್" ಎಂದು ಧಣಿಗಳಿಗೆ ಹೇಳಿಬಿಟ್ಟರು. ನನಗೆ ಬರುತ್ತಿದ್ದದ್ದು ಟೈಪಿಂಗ್. ಅದೂ ಎರಡು ಬೆರಳಿನಲ್ಲಿ!

ಅಲ್ಲಿಂದ ಆಫೀಸಿನಲ್ಲಿ ಪ್ಲಗ್ಗು ಇದ್ದದ್ದೆಲ್ಲ ನನ್ನ ಪಾಲಿಗೆ ಬಂತು. ಫ್ಯಾನು ಕಿರುಗುಟ್ಟಿದರೂ ನಾನೇ, ಪ್ರಿಂಟರು ಕಾಗದ ನುಂಗಿದರೂ ನಾನೇ. ಹೀಗಿರುವಾಗ ಧಣಿಗಳು ಮಂಗಳೂರಿನಿಂದ ಐಪಿ ಫೋನು ತರಿಸಿದರು. ಕಂಪ್ಯೂಟರಿನ ತಂತಿಯ ಮೇಲೇ ಓಡುವ ಫೋನು. ಮೂರು ಊರಿನ ಮೂರು ಆಫೀಸೂ ಒಂದೇ ಮನೆಯ ಕೋಣೆಗಳಿದ್ದ ಹಾಗೆ. ಮೇಜಿಗೊಂದು ನಂಬರು, ಒತ್ತಿದರೆ ಮಾತು. ಮಾರಲು ಬಂದವನು ಹೋಗುವಾಗ ಒಂದು ಮಾತು ಸೇರಿಸಿದ: "ಇನ್ನು ನಿಮಗೆ ಆಪರೇಟರ್ ಬೇಡ ಸಾರ್. ಯಂತ್ರವೇ ಮಾತಾಡ್ತದೆ." ಧಣಿಗಳು ಅತ್ತೆಯ ಕುರ್ಚಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದ್ ಸಮ ಓಡಿಸುದ್ ನಿನ್ ಜವಾಬ್ದಾರಿ. ಓಡ್ತಿಲ್ಲ ಅಂದ್ರೆ ಗೋಡೌನಿಗ್ ಹೋಯ್ ಚೀಲ ಲೆಕ್ಕ ಮಾಡ್."

ಹೇಗಿದೆ ನನ್ನ ಅದೃಷ್ಟ? ನಾನು ಗೆದ್ದರೆ ಅತ್ತೆ ಮನೆಗೆ, ಸೋತರೆ ನಾನು ಗೋಡೌನಿಗೆ. ಕೆಲಸ ಕೊಡಿಸಿದವರ ಕುರ್ಚಿಯನ್ನು ಸಂಬಳ ತೆಗೆದುಕೊಂಡು ಎಳೆಯುವ ಉದ್ಯೋಗ!

ಅತ್ತೆಗೆ ಇದೆಲ್ಲ ಗೊತ್ತಿತ್ತು. ಸಿಟ್ಟು ಮಾಡಿದರೇ? ಇಲ್ಲ. ಹೊಸ ಫೋನುಗಳಿಗೆಲ್ಲ ಕ್ರೋಶದಲ್ಲಿ ಒಂದೊಂದು ಅಂಗಿ ಹೆಣೆದು ತಂದರು. "ಧೂಳ್ ಬಿದ್ರೆ ಗಂಟ್ಲ್ ಕಟ್ಟುದಿಲ್ಯಾ ಅದ್ಕೆ?" ಬ್ರಹ್ಮಾವರದ ಬ್ರಾಂಚಿನ ಅಂಗಿಗೆ ಗುಲಾಬಿ ಬಣ್ಣದ ಅಂಚು. ನಂಬರು ನೋಡಬೇಕಾದರೆ ಅಂಗಿ ಎತ್ತಿ ಇಣುಕಬೇಕು.

ನಾನು ಅವರಿಗೆ ಪಾಠ ಮಾಡಲು ಕುಳಿತೆ.

"ಅತ್ತೆ, ಇದ್ರಗೆ ಅಷ್ಟ್ ಕೂಗುದ್ ಬ್ಯಾಡ. ಬೈಂದೂರೂ ಒಂದೇ, ಬೊಂಬಾಯೂ ಒಂದೇ."

"ಹಂಗಾರೆ ಬೊಂಬಾಯಿ ಹತ್ರ ಬಂತಾ?"

"ಹತ್ರ ಬರ್ಲಿಲ್ಲ. ದೂರ ಲೆಕ್ಕಕ್ಕಿಲ್ಲ, ಅಷ್ಟೆ."

"ನಾಳೆ ರೈಲ್ ಹತ್ತಿ ಹೋಯ್ ಕಾಣ್ ಮಾಣಿ. ಬೆನ್ನ್ ಹೇಳತ್ತ್ ಲೆಕ್ಕ."

ಪಾಠ ಅಲ್ಲಿಗೆ ಮುಗಿಯಿತು.

ಮೊಬೈಲಿನ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. "ಅದ್ಕೆ ಬಾಲವೇ ಇಲ್ಲ, ಸ್ವರ ಎಲ್ಲಿಂದ ಬತ್ತ್?" ಐಪಿ ಫೋನಿಗೆ ಹಿಂದೆ ತಂತಿಯ ಬಾಲ ಇದ್ದದ್ದರಿಂದ ಅದು ಹೇಗೋ ಪಾಸಾಯಿತು.

ಆದರೆ ಗುಡುಗು ಬಂತು ನೋಡಿ! ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಗುಡುಗು ಶುರುವಾದರೆ ಮನೆಮನೆಯಲ್ಲೂ ಟೀವಿಯ ತಂತಿ, ಫ್ರಿಜ್ಜಿನ ಪ್ಲಗ್ಗು ಎಲ್ಲ ಕಿತ್ತಿಡುವುದು ಪದ್ಧತಿ. ನಮ್ಮ ಅತ್ತೆ ಆ ದಂಡಿಗೆ ಸೇನಾಪತಿ. ಕೊಡಚಾದ್ರಿಯ ಕಡೆ ಮೋಡವೊಂದು ಕೆಮ್ಮಿದರೆ ಸಾಕು, ಎದ್ದು ಆಫೀಸಿಡೀ ಸುತ್ತಿ ತಂತಿ ಕಿತ್ತು, ಸುರುಳಿ ಸುತ್ತಿ, ಮೇಜಿನ ಮೇಲೆ ಚಕ್ಕುಲಿಯ ಹಾಗೆ ಜೋಡಿಸಿಡುತ್ತಿದ್ದರು. ಗುಡುಗು ನಿಂತ ಮೇಲೆ ಪುನಃ ಚುಚ್ಚುವುದು. ಹಳೆಯ ಫೋನಿಗೆ ಒಂದು ತಂತಿ, ಒಂದು ತೂತು. ತಪ್ಪಲು ಜಾಗವೇ ಇರಲಿಲ್ಲ. ಹೊಸ ಫೋನಿನ ತಂತಿಗಳೆಲ್ಲ ಬಂದು ಸೇರುವ ನನ್ನ ಪೆಟ್ಟಿಗೆಯಲ್ಲೋ, ಸಾಲು ಸಾಲು ಒಂದೇ ನಮೂನೆಯ ತೂತು!

ಒಂದು ಮಧ್ಯಾಹ್ನ ಗುಡುಗು ನಿಂತು, ತಂತಿಗಳು ಪುನಃ ಕೂತವು. ಫೋನು ಮಾತ್ರ ಒಂದೂ ಉಸಿರಾಡಲಿಲ್ಲ. ಮೂರೂ ಊರಿನಲ್ಲಿ ಮೌನ. ನಾನು ಓಡಿ ಪೆಟ್ಟಿಗೆ ನೋಡಿದೆ. ಅದರ ದೀಪಗಳೆಲ್ಲ ದೀಪಾವಳಿಯ ಮಾಲೆ ಬಲ್ಬಿನ ಹಾಗೆ ಪಿಳಪಿಳ ಎನ್ನುತ್ತಿದ್ದವು. ಧಣಿಗಳಿಗೆ ಧೈರ್ಯ ಹೇಳಿದೆ: "ಪೆಟ್ಟಿಗಿಗ್ ಎಂತದೂ ಆಯ್ಲಿಲ್ಲ ಧಣಿ. ಯಾವತ್ತಿಗಿಂತ ಜಾಸ್ತಿ ಉಮೇದಿನಲ್ಲಿತ್ತ್!"

ನನಗೆ ಗೊತ್ತಿದ್ದ ಚಿಕಿತ್ಸೆ ಮೂರೇ. ಆಫ್ ಮಾಡುವುದು, ಆನ್ ಮಾಡುವುದು, ಬಟ್ಟೆಯಲ್ಲಿ ಒರೆಸುವುದು. ಮೂರನ್ನೂ ಮಾಡಿದೆ. ಕ್ರಮ ಬದಲಿಸಿಯೂ ಮಾಡಿದೆ. ಫೋನು ಮಾರಿದ ಮಂಗಳೂರಿನವನಿಗೆ ನನ್ನ ಮೊಬೈಲಿನಿಂದ ಕರೆ ಮಾಡಿದರೆ ಅವನು, "ಎಲ್ಲಾದ್ರೂ ಲೂಪ್ ಇದೆಯಾ ನೋಡಿ" ಎಂದ. ನಾನು ಗಂಭೀರವಾಗಿ, "ಇಲ್ಲ, ಅದನ್ನು ನಾವು ಖರೀದಿಸಲಿಲ್ಲ" ಎಂದೆ. ಅವನು ಫೋನು ಇಟ್ಟುಬಿಟ್ಟ. ಮರುದಿನ ಬಸ್ಸು ಹತ್ತಿ ಬೈಂದೂರಿಗೆ ಹೋಗಿ ಅಲ್ಲಿಯ ಪೆಟ್ಟಿಗೆ ಒರೆಸಿದೆ. ವಾಪಸು ಬ್ರಹ್ಮಾವರಕ್ಕೆ ಹೋಗಿ ಅಲ್ಲಿಯದನ್ನೂ ಒರೆಸಿದೆ. ಮೂರು ಊರಿನ ಪೆಟ್ಟಿಗೆಗಳೂ ಫಳಫಳ ಹೊಳೆಯುತ್ತಿದ್ದವು. ಮಾತು ಮಾತ್ರ ಇಲ್ಲ.

ಸಂಜೆ ನೆಲದಲ್ಲಿ ಬೋರಲು ಮಲಗಿ ತಂತಿ ಎಣಿಸುತ್ತಿದ್ದಾಗ ಅತ್ತೆ ಚಾ ಲೋಟ ಹಿಡಿದು ಬಂದರು.

"ಎಂತ ಹುಡುಕ್ತಿದ್ದೆ?"

"ಅದೇ ಗೊತ್ತಿಲ್ಲ ಅತ್ತೆ."

"ಎಲ್ಲದನ್ನೂ ಕಾಣ್. ಆ ನೀಲಿ ಬಳ್ಳಿ ಒಂದ್ ಮುಟ್ಬೇಡ. ಅದನ್ನ ನಾನೇ ಸಮ ಮಾಡಿ ಇಟ್ಟಿದ್ದೆ. ಒಂದ್ ತಲೆ ಬಾಯ್ ಬಿಟ್ಕಂಡ್ ನೇತಾಡ್ತಿದ್ದಿತ್, ಕಾಂಬುಕೆ ಚಂದ ಇರ್ಲಿಲ್ಲ. ಪಕ್ಕದ್ ತೂತಿಗೇ ಸಿಕ್ಸಿದೆ."

ಆ ನೀಲಿ ಬಳ್ಳಿಯ ತಲೆಯೂ ಬಾಲವೂ ಒಂದೇ ಪೆಟ್ಟಿಗೆಯಲ್ಲಿದ್ದವು! ಒಳಗೆ ಹೋದದ್ದು ಹೊರಗೆ ಬಂದು, ಬಂದದ್ದು ಪುನಃ ಒಳಗೆ ಹೋಗಿ, ಪೆಟ್ಟಿಗೆ ಎರಡು ದಿನದಿಂದ ತನ್ನೊಡನೆ ತಾನೇ ಮಾತಾಡುತ್ತಿತ್ತು. ಬೇರೆಯವರ ಮಾತಿಗೆ ಅದಕ್ಕೆ ಪುರುಸೊತ್ತೆಲ್ಲಿ? ಮಂಗಳೂರಿನವನ ಲೂಪ್ ಎಂದರೆ ಇದೇ! ಎಳೆದೆ. ಮೂರೂ ಊರಿನಲ್ಲಿ ಫೋನುಗಳು ಒಟ್ಟಿಗೇ ಹೊಡೆದುಕೊಂಡವು. ಧಣಿಗಳು ಏನಾಗಿತ್ತೆಂದು ಕೇಳಿದಾಗ ನಾನು "ಲೂಪ್" ಎಂದಷ್ಟೇ ಹೇಳಿದೆ. ಅವರಿಗೆ ನನ್ನ ಮೇಲೆ ಒಂದು ತೂಕ ಗೌರವ ಹೆಚ್ಚಾಯಿತು.

ಗೌರವ ಹೆಚ್ಚಾಗಿ ಆದದ್ದೇನು? ಫೋನು ಓಡಿತು, ಯಂತ್ರ ಮಾತಾಡಿತು, ಅತ್ತೆಯ ಕುರ್ಚಿ ಹೋಯಿತು. ನೀರಿನ ಬಾಟಲಿ, ಕ್ರೋಶದ ಕಡ್ಡಿ, ಕೂರುವ ದಿಂಬು ಚೀಲಕ್ಕೆ ತುಂಬಿಕೊಂಡು, "ಬತ್ತೆ ಹಂಗಾರೆ" ಎಂದು ಧಣಿಗಳಿಗೆ ಹೇಳಿ ಹೊರಟರು. ಮನೆಗೆ ಬಂದ ಮೇಲೂ ದೇವರ ಕೋಣೆಯಲ್ಲಿ ಅಮ್ಮ ಗಂಟೆ ಬಾರಿಸಿದರೆ ಅತ್ತೆ ಅರ್ಧ ಎದ್ದು, ಪುನಃ ಕೂರುವರು. ನಾನು ಗೋಡೆ ನೋಡುತ್ತಿದ್ದೆ.

ಇತ್ತ ಆಫೀಸಿನಲ್ಲಿ ಯಂತ್ರದ ಹುಡುಗಿ ಇಂಪಾಗಿ, "ಖರೀದಿ ವಿಭಾಗಕ್ಕೆ ಒಂದನ್ನು ಒತ್ತಿ" ಎನ್ನುತ್ತಿದ್ದಳು. ಒತ್ತುವವರು ಯಾರು? ಕೆರಾಡಿಯ ರೈತರೊಬ್ಬರು ಅವಳೊಡನೆ ಜಗಳಕ್ಕೇ ನಿಂತದ್ದು ರೆಕಾರ್ಡಾಗಿತ್ತು. "ಹ್ವಾಯ್, ನಂಗೆ ಒತ್ತುದ್ ಗಿತ್ತುದ್ ಬ್ಯಾಡ. ಆ ಅಮ್ಮನ್ ಕರೀನಿ ಕಾಂಬ. ಎಂತ, ಹೇಳಿದ್ದನ್ನೇ ಹೇಳ್ತ್ರಿ? ಮನಿಯಗೆ ದೊಡ್ಡವ್ರ್ ಯಾರೂ ಇಲ್ಯಾ?" ಎಂದು ಕೇಳಿ ಇಟ್ಟಿದ್ದರು. ಇಟ್ಟವರು ಗೇರುಬೀಜವನ್ನು ಬೇರೆ ಕಡೆ ಕೊಟ್ಟರು. ಅವರ ಹಿಂದೆ ಇನ್ನೂ ಹಲವರು.

"ಎಂತಾರೂ ಮಾಡ್ ಮಾರಾಯ!" ಎಂದು ಧಣಿಗಳು ತಲೆಗೆ ಕೈ ಇಟ್ಟುಕೊಂಡಾಗ ನನ್ನ ಎರಡು ಬೆರಳಿನ ಬುದ್ಧಿಗೆ ಒಂದು ಹೊಳೆಯಿತು. ಈ ಫೋನಿಗೆ ಊರೆಂಬುದಿಲ್ಲ. ಇಂಟರ್ನೆಟ್ ಇದ್ದಲ್ಲಿ ಚುಚ್ಚಿದರೆ ಅದೇ ನಂಬರು ಅಲ್ಲೇ ಬಡಿಯುತ್ತದೆ. ಮನೆಗೆ ಇಂಟರ್ನೆಟ್ ಹಾಕಿಸಿ, ಅತ್ತೆಯ ಫೋನನ್ನು ಅದರ ಅಂಗಿಯ ಸಮೇತ ಬಸ್ರೂರಿಗೆ ತಂದು ನಮ್ಮ ಜಗಲಿಯಲ್ಲಿ ಚುಚ್ಚಿದೆ. ಯಂತ್ರಕ್ಕೆ ಹೇಳಿಕೊಟ್ಟೆ: ಏನೂ ಒತ್ತದವರನ್ನು ಅತ್ತೆಗೆ ಕೊಡು.

ಯಾರೂ ಏನೂ ಒತ್ತಲಿಲ್ಲ! ಮೂರು ತಾಲೂಕಿನ ಕರೆಗಳೆಲ್ಲ ನಮ್ಮ ಜಗಲಿಗೇ ಬಂದವು. "ಉಂಡ್ರ್ಯಾ?" ಪುನಃ ಶುರುವಾಯಿತು. ಧಣಿಗಳು ಅತ್ತೆಯ ಸಂಬಳವನ್ನೂ ಶುರು ಮಾಡಿದರು. ನಾನು ಮಾತ್ರ ದಿನಾ ಬಸ್ಸು ಹತ್ತಿ, ಮನೆಗೇ ಬಂದುಬಿಟ್ಟ ಆಫೀಸನ್ನು ಬಿಟ್ಟು ಆಫೀಸಿಗೆ ಹೋಗುತ್ತಿದ್ದೆ.

ಗುಡುಗಿನ ಕಾನೂನು ಬದಲಾಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಫೋನುಗಳ ಪಟ್ಟಿ, ಜೀವ ಇದ್ದದ್ದಕ್ಕೆ ಹಸಿರು ಚುಕ್ಕೆ. ಅತ್ತೆಯ ಚುಕ್ಕೆ ಆರಿತೆಂದರೆ ಬಸ್ರೂರಿನಲ್ಲಿ ಗುಡುಗಿತು ಎಂದೇ ಲೆಕ್ಕ. ನಾವು ಆಫೀಸಿನ ಅಂಗಳದಲ್ಲಿ ಒಣಹಾಕಿದ ಬೀಜ ಎತ್ತುತ್ತಿದ್ದದ್ದು ಆ ಚುಕ್ಕೆ ನೋಡಿಯೇ.

ಒಂದು ಸಂಜೆ ನಾನು ಸ್ಕೂಟರಿನಲ್ಲಿ ಬೈಂದೂರಿಗೆ ಹೋಗಿದ್ದೆ. ಕತ್ತಲಾಗುವ ಮೊದಲೇ ಬರುತ್ತೇನೆಂದು ಅತ್ತೆಗೆ ಹೇಳಿದ್ದೆ. ಹೊರಡುವ ಹೊತ್ತಿಗೆ ಆಕಾಶ ಹರಿದು ಬಿದ್ದ ಹಾಗೆ ಗುಡುಗು, ಸಿಡಿಲು. ಬ್ರಾಂಚಿನೊಳಗೇ ಕೂತು ಅಲ್ಲಿಯ ಕಂಪ್ಯೂಟರಿನಲ್ಲಿ ಅದೇ ಪಟ್ಟಿ ತೆರೆದು ನೋಡಿದೆ. ಬಸ್ರೂರಿನ ಚುಕ್ಕೆ ಹಸಿರಾಗಿಯೇ ಇತ್ತು! ಪಟ್ಟಿಯೇ ಕೆಟ್ಟಿರಬೇಕು ಎಂದುಕೊಂಡು, ಅಭ್ಯಾಸಬಲದಿಂದ ಪರದೆಯನ್ನು ಒರೆಸಿದೆ. ಹಸಿರೇ. ಇನ್ನೊಂದು ಸಿಡಿಲು ಬಡಿಯಿತು. ಆಗಲೂ ಹಸಿರು. ಈಗ ನನಗೆ ಹೆದರಿಕೆಯಾಯಿತು. ಏಳಲಾಗದೆ ಬಿದ್ದಿದ್ದಾರೋ ಏನೋ ಎಂದು ನಂಬರು ಒತ್ತಿದೆ.

ಮೊದಲ ಗಂಟೆ ಪೂರ್ತಿ ಬಡಿಯುವ ಮೊದಲೇ ಎತ್ತಿದರು. "ಹಲೋ." ಬೈಂದೂರಿನ ಗಂಟಲಲ್ಲ, ಬ್ರಹ್ಮಾವರದ್ದೂ ಅಲ್ಲ. ಅತ್ತೆಯ ಬಾಯಲ್ಲಿ ಅಷ್ಟು ಸಣ್ಣ ಸ್ವರವನ್ನು ನಾನು ಕೇಳಿರಲೇ ಇಲ್ಲ.

"ಅತ್ತೆ, ನಾನ್."

"ಎಲ್ಲಿದ್ದೆ?"

"ಬೈಂದೂರಗೇ. ಹೊರಡ್ಲಿಲ್ಲ. ನೀವ್ ಫೋನ್ ಕಿತ್ತಿಡ್ಲಿಲ್ಯಾ? ಗುಡ್ಗ್ ಬತ್ತಿಲ್ಯಾ ಅಲ್ಲಿ?"

"ಬತ್ತಿತ್ತ್. ಬಾಕಿ ಎಲ್ಲ ಕಿತ್ತಾಯ್ತ್. ಇದೊಂದ್ ಇಟ್ಕಂಡೆ. ನೀ ದಾರಿ ಮೇಲಿದ್ದೆ ಅಂದ್ಕಂಡೆ. ಎಲ್ಲಾದ್ರೂ ನಿಂತ್ ಫೋನ್ ಮಾಡ್ರೆ ಯಾರ್ ಎತ್ತುದ್?"

ನಾನು ಸ್ಕೂಟರಿನ ಕೀಲಿಯನ್ನು ಮೇಜಿನ ಮೇಲಿಟ್ಟೆ.

"ಒಳ್ಗೇ ಕೂಕೋ. ಮಳಿ ಬಿಟ್ಟ್ ಮೇಲೆ ಬಾ. ನಾ ಈಗ ಇದನ್ನ ತೆಗಿತೆ."

ಪರದೆಯ ಮೇಲೆ ಅತ್ತೆಯ ಚುಕ್ಕೆ ಆರಿತು. ಆ ನಂಬರಿನ ಎದುರು "ಸಂಪರ್ಕವಿಲ್ಲ" ಎಂದು ಬಿತ್ತು. ರಿಪೇರಿಗೆ ನಾನು ಕೈ ಹಾಕಲಿಲ್ಲ. ಮಳೆ ಬಿಡುವ ತನಕ, ಹೇಳಿದ ಹಾಗೆ, ಒಳಗೇ ಕೂತಿದ್ದೆ.