ತಕ್ಷಣ ಅಂದರೆ ಎಷ್ಟು ದಿನ?

ರೈತ ಚಳವಳಿಯಲ್ಲಿ ಲಾಠಿ ಏಟು ತಿಂದು ತಿಂದು ತಮಟೆಯಾದ ಬೆನ್ನು ನನ್ನದು. ತಾಲ್ಲೂಕು ಕಚೇರಿಗೇ ಬೀಗ ಜಡಿದ ಕೈ ಇದು! ಜುಜುಬಿ ವಿಮೆ ಕಂಪನಿಗೆ ನಾನು ಬಗ್ಗುವುದೇ? "ಕೋರ್ಟಿನಲ್ಲಿ ಇವರನ್ನ ಉತ್ತು ಹಾಕ್ತೀನಿ!" ಅಂತ ನಮ್ಮೂರು ದುದ್ದದ ಟೀ ಅಂಗಡಿಯಲ್ಲಿ ಘೋಷಿಸಿಬಿಟ್ಟೆ.

ಕಾರಣ, ನನ್ನ ಮೊಪೆಡ್ಡು. ಹಾಸನದಲ್ಲಿ ಧರಣಿ ಕೂತು "ಕಳ್ಳರಿಗೆ ಧಿಕ್ಕಾರ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದಾಗಲೇ ಯಾವನೋ ಅದನ್ನು ಹಿಂದಿನಿಂದ ತಳ್ಳಿಕೊಂಡು ಹೋಗಿದ್ದ. ಪೊಲೀಸರಿಗೆ ಅವತ್ತೇ ದೂರು ಕೊಟ್ಟೆ. ಕಂಪನಿಗೆ ತಿಳಿಸುವುದು ಮಾತ್ರ ಉಳಿಯಿತು.

ಹೆಂಡತಿ ಪುಟ್ಟತಾಯಮ್ಮ ಹಾಲಿನ ಕ್ಯಾನು ಸೊಂಟಕ್ಕೇರಿಸಿ ಡೈರಿಗೆ ನಡೆಯುತ್ತಾ ದಿನಾ ಕೇಳುವಳು: "ಕಂಪ್ನಿಗೆ ಬರ್ಕೊಟ್ರಾ?"

"ತಕ್ಷಣ ಓಯ್ತೀನಿ ಕಣೇ!"

ಹನ್ನೊಂದನೇ ದಿನ ಹೋದೆ. ಅವರು ಪಾಲಿಸಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು: 'ಕಳುವಾದ ತಕ್ಷಣ ತಿಳಿಸತಕ್ಕದ್ದು.' ಕ್ಲೈಮು ತಿರಸ್ಕಾರ!

ಗ್ರಾಹಕರ ಕೋರ್ಟು ಹತ್ತಿದೆ. "ಸಾ, ಕಳ್ಳತನ ನಿಜ, ಪೊಲೀಸರಿಗೆ ಅವತ್ತೇ ಹೇಳಿದ್ದೀರಿ. ಅಷ್ಟು ಸಾಕು. ದಯವಿಟ್ಟು ಭಾಷಣ ಬ್ಯಾಡಿ" ಎಂದು ನಮ್ಮ ವಕೀಲ ರಜನೀಶ್ ಕೈಮುಗಿದ.

ಕಂಪನಿ ವಕೀಲ ಗುಡುಗಿದ: "ತಕ್ಷಣ ಅಂದರೆ ತಕ್ಷಣ, ಮೇಡಂ!"

"ಎಷ್ಟು ಗಂಟೆ ಅಂತ ಪಾಲಿಸಿಯಲ್ಲಿ ಇದೆಯಾ?" ಕೋರ್ಟಿನ ಅಧ್ಯಕ್ಷೆ ಕೇಳಿದರು. ಆತ ಹಾಳೆಯನ್ನು ದೋಸೆ ಥರ ಹಿಂದೆ ಮುಂದೆ ಮಗುಚಿದ. ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೆ ಹನ್ನೊಂದು ದಿನ ಯಾಕೆ ಬೇಕಾಯಿತು?"

ಗಂಟಲು ಸರಿಮಾಡಿಕೊಂಡೆ. "ರೈತ ಚಳವಳಿಯ ಇತಿಹಾಸದಲ್ಲಿ..."

ಹಿಂದಿನ ಬೆಂಚಿನಿಂದ ಪುಟ್ಟತಾಯಮ್ಮ ಎದ್ದಳು. "ನಾನೇಳ್ತೀನಿ ಮೇಡಂ. ಸೋರೋ ನಲ್ಲಿ ತಕ್ಷಣ ಮಾಡಿಸ್ತೀನಿ ಅಂದ್ರು, ಎಂಟು ತಿಂಗ್ಳಾಯ್ತು. ಮೊಪೆಡ್ಡು ಓಡ್ಸದು ಕಲ್ಸಿ ಅಂದ್ರೆ 'ತಕ್ಷಣ' ಅಂದ್ರು. ಮೂರು ವರ್ಷ! ನನ್ಗಿಂತ ಮೊದ್ಲು ಕಳ್ಳನೇ ಓಡ್ಸ್‌ಬುಟ್ಟ. ಅನ್ನೊಂದೇ ದಿನುಕ್ಕೆ ಓಗವ್ರೆ ಅಂದ್ರೆ, ನಮ್ಮನೆ ಲೆಕ್ಕುದಲ್ಲಿ ಓಡ್ಕಂಡೇ ಓಗವ್ರೆ!"

ಕಂಪನಿ ವಕೀಲನೂ ನಕ್ಕ. ಲಾಠಿಗೆ ಬಗ್ಗದ ಬೆನ್ನು ಅಲ್ಲಿ ಬಿಲ್ಲಾಯಿತು!

ತೀರ್ಪು ಬಂತು: ಪಾಲಿಸಿಯ ಪದಕ್ಕೆ ಅಳತೆಯೇ ಇಲ್ಲದಿದ್ದರೆ ಅದರ ಲಾಭ ಬರೆದವರಿಗಲ್ಲ, ಪಾಲಿಸಿ ಕೊಂಡವರಿಗೆ. ಕಳ್ಳತನ ನಿಜವಿರುವಾಗ ಬರೀ ತಡವಾಯಿತೆಂದು ಕ್ಲೈಮು ತಳ್ಳಿಹಾಕುವಂತಿಲ್ಲ. ಗೆದ್ದೆ!

ಹೊಸ ಮೊಪೆಡ್ಡು ಬಂತು. ಮಾರನೇ ಬೆಳಿಗ್ಗೆ ಅಂಗಳದಿಂದ ಕೂಗು: "ಡೈರಿಗೆ ಒತ್ತಾಯ್ತು, ಬನ್ರೀ!"

ಪೇಪರಿನಿಂದ ತಲೆ ಎತ್ತದೆ ಅಂದೆ, "ತಕ್ಷಣ ಬಂದೆ ಕಣೇ."

ಡುರ್‌ರ್ ಅಂತು ಮೊಪೆಡ್ಡು. ಮತ್ತೆ ಕಳ್ಳ! ಪಂಚೆ ಎತ್ತಿಕೊಂಡು ಓಡಿದೆ. ಮುಂದೆ ಕ್ಯಾನು ಇಟ್ಟುಕೊಂಡು ಪುಟ್ಟತಾಯಮ್ಮ ಗೇಟು ದಾಟುತ್ತಿದ್ದಳು.

"ಲೇ! ಯಾರೇ ನಿಂಗೆ ಕಲ್ಸಿದ್ದು?"

"ಪಕ್ಕದ್ಮನೆ ಧನುಶ್ರೀ. ಕೇಳಿದ್ ತಕ್ಷಣ ಕಲ್ಸ್‌ಬುಟ್ಲು ಕಣ್ರೀ!"